ಪ್ರಯೋಗದ ಬೆಲೆ

ಹಾರ್ಬರ್ ಮಾರ್ಗದ ಸೀವುಡ್ಸ್-ದಾರಾವೆ ನಿಲ್ದಾಣದ ನೆತ್ತಿಯ ಮೇಲೆಯೇ ಮಳಿಗೆಗಳೂ ಕಚೇರಿಗಳೂ ಎದ್ದು ನಿಂತಿವೆ. ಇಂಥ ಕಟ್ಟಡಗಳು ನವೋದ್ಯಮಗಳಿಗೆ ಒಪ್ಪುವ ನೆಲೆ. ನವೋದ್ಯಮವೆಂದರೆ ಬಂಡವಾಳ ಕಿರಿದು, ದುಡಿಯುವವರು ಕೆಲವರೇ. ಅಲ್ಲಿ ಕಿರಿಯ ನೌಕರನಿಗೊಂದು ಹೊಸ ವಿಚಾರ ಹೊಳೆದರೆ ಅದನ್ನು ಪರೀಕ್ಷಿಸುವ ಬಿಡುವು ಯಾರಿಗೂ ಇರುವುದಿಲ್ಲ. ವಿಚಾರವು ತಪ್ಪೆಂದು ಸಾಬೀತಾಗುವ ಮೊದಲೇ ಮರೆತುಹೋಗುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ತರುವಾಯ, ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಪರೀಕ್ಷೆಯ ಬೆಲೆಯನ್ನೇ ತಗ್ಗಿಸಿವೆ. ಉಡುಪಿ ಹೋಟೆಲುಗಳಿಗೆ ಲೆಕ್ಕದ ತಂತ್ರಾಂಶ ಒದಗಿಸುವ ಸೀವುಡ್ಸ್‌ನ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ಅಡುಗೆಯವರು ಕನ್ನಡದಲ್ಲಿ ಹೇಳಿದ ಸಾಮಾನಿನ ಪಟ್ಟಿ ತಾನಾಗಿ ಬರಹಕ್ಕಿಳಿದರೆ ಹೇಗೆಂದು, ಗ್ರಾಹಕರ ದೂರು ಕೇಳುವ ಹುಡುಗಿಗೆ ತೋರುತ್ತದೆ. ಆಕೆ ಪ್ರೋಗ್ರಾಮು ಬರೆಯಬಲ್ಲವಳಲ್ಲ. ಹಿಂದಾಗಿದ್ದರೆ ಅದು ಊಟದ ಹೊತ್ತಿನ ಮಾತಾಗಿ ಮುಗಿಯುತ್ತಿತ್ತು. ಇಂದು ಸಾಧನದ ನೆರವಿನಿಂದ ಆಕೆಯೇ ಕಚ್ಚಾ ಮಾದರಿಯೊಂದನ್ನು ಮಾಡಿ ತೋರಿಸಬಲ್ಲಳು. ಕೈಗೂಡದಿದ್ದರೆ ವ್ಯಯವಾದದ್ದು ಒಂದೆರಡು ಸಂಜೆ ಮಾತ್ರ.

ಆದರೆ ಸೌಲಭ್ಯದೊಡನೆ ಅಪಾಯವೂ ಇದೆ. 2024ರಲ್ಲಿ ಅನಿಲ್ ದೋಶಿ ಮತ್ತು ಆಲಿವರ್ ಹೌಸರ್ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರದಿಂದ ವಿಚಾರ ಪಡೆದು ಬರೆದ ಕಿರುಗತೆಗಳು ಹೆಚ್ಚು ಸೃಜನಶೀಲವೆನಿಸಿದವು. ಅಂತೆಯೇ ಅವು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ಎಲ್ಲ ಸಂಸ್ಥೆಗಳೂ ಒಂದೇ ಯಂತ್ರವನ್ನು ಹೊಸತೇನೆಂದು ಕೇಳತೊಡಗಿದರೆ, ದೊರೆಯುವ ಹೊಸತುಗಳೂ ಅಣ್ಣತಮ್ಮಂದಿರಂತೆ ಇದ್ದಾವು. ಹುಡುಗಿಯ ವಿಚಾರ ಹುಟ್ಟಿದ್ದು ಯಂತ್ರದಿಂದಲ್ಲ, ಅಡುಗೆಯವರ ದೂರಿನಿಂದ ಎಂಬುದನ್ನು ಮರೆಯಲಾಗದು.

ಮುಂಬಯಿ ಕನ್ನಡಿಗರಿಗೆ ಇದರ ನಿದರ್ಶನ ದೂರದ್ದೇನಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಈ ನಗರದಲ್ಲಿ ಉದ್ಯೋಗದಲ್ಲಿದ್ದವರು. ಮುದ್ರಣದ ಅಕ್ಷರಜೋಡಣೆಯನ್ನು ಒಳಗಿನಿಂದ ಬಲ್ಲವರು. ಅವರ ಕೀಲಿಮಣೆ ವಿನ್ಯಾಸದಲ್ಲಿ ಧ್ವನಿಯ ಕ್ರಮದಂತೆ ಕೀಲಿಗಳನ್ನೊತ್ತಿದರೆ ಸಾಕು, ಒತ್ತಕ್ಷರದ ರೂಪವನ್ನು ಕಂಪ್ಯೂಟರೇ ಕೂಡಿಸಿಕೊಳ್ಳುತ್ತದೆ. ಕಂಪ್ಯೂಟರು ಅನೇಕರ ಮುಂದಿತ್ತು. ಕನ್ನಡ ವರ್ಣಮಾಲೆಯ ಧ್ವನಿವ್ಯವಸ್ಥೆಯೇ ಅದಕ್ಕೆ ದಾರಿಯಾಗಬಲ್ಲುದೆಂದು ಕಂಡವರು ಅಕ್ಷರದೊಡನೆ ಬಾಳಿದವರು.

ಆದುದರಿಂದ ನೌಕರರ ಕೈಗೆ ಸಾಧನವನ್ನು ಕೊಟ್ಟಷ್ಟಕ್ಕೇ ಸಂಸ್ಥೆಯ ಕರ್ತವ್ಯ ಮುಗಿಯದು. ಪ್ರಯೋಗಕ್ಕೆ ಹೊತ್ತು, ಸೋಲಿಗೆ ಸಹನೆ, ಗೆದ್ದಾಗ ವಿಚಾರ ಹೊಳೆದವರಿಗೆ ಮನ್ನಣೆ ಇವೂ ದೊರೆಯಬೇಕು. ಹುಡುಗಿಯ ಹೆಸರು ಸಂಸ್ಥೆಯ ಹೆಸರಿನಲ್ಲಿ ಕರಗಿಹೋದರೆ, ಮುಂದಿನ ವಿಚಾರವನ್ನು ಆಕೆ ಯಾರೊಡನೆಯೂ ಹೇಳಲಾರಳು.