ಹೆಣ್ಣು ಮೀನನ್ನು ನೋಡಿ ಗುರುತಿಸುವುದು

ತೊಂಬತ್ತರ ದಶಕದಲ್ಲಿ ಮಡಿಕೇರಿಗೆ ಬಣ್ಣದ ಮೀನು ಬರುತ್ತಿದ್ದದ್ದು ಬೆಂಗಳೂರು, ಮೈಸೂರಿನ ಬಸ್ಸಿನಲ್ಲಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಥರ್ಮೋಕೋಲ್ ಡಬ್ಬಿಯೊಳಗಿಟ್ಟು ಮಡಿಲಲ್ಲಿ ಹಿಡಿದು ತರುತ್ತಿದ್ದೆವು. ಗಪ್ಪಿ, ಮೋಲಿ, ಏಂಜಲ್ ಎಲ್ಲೆಡೆ ಸಿಗುತ್ತಿದ್ದವು. ದಕ್ಷಿಣ ಅಮೆರಿಕದ ಕುಬ್ಜ ಸಿಕ್ಲಿಡ್‌ಗಳಲ್ಲಿ ಸುಲಭಕ್ಕೆ ಸಿಗುತ್ತಿದ್ದದ್ದು ರಾಮ್ ಒಂದೇ. ಅದು ಒರಿನೊಕೊ ಬಯಲಿನ ಮೀನು. 1948ರಲ್ಲಿ ವಿಜ್ಞಾನದ ಹೆಸರು ಪಡೆದದ್ದು. ಅಪರೂಪಕ್ಕೆ ಅದೇ ಗುಂಪಿನ, ಹಲವು ಜಾತಿಗಳಿರುವ ಅಪಿಸ್ಟೊಗ್ರಾಮ ಬಂದರೆ ಅಂಗಡಿಯವರು ‘ಡ್ವಾರ್ಫ್’ ಎಂದಷ್ಟೇ ಹೇಳಿ ಕೊಡುತ್ತಿದ್ದರು. ಯಾವ ಜಾತಿ ಎಂಬುದನ್ನು ನಾವೇ ತೊಟ್ಟಿಯ ಮುಂದೆ ಕೂತು ಕಂಡುಕೊಳ್ಳಬೇಕಿತ್ತು.

ಗಂಡು ಅಷ್ಟು ಕಷ್ಟ ಕೊಡುವುದಿಲ್ಲ. ಬಾಲ ಎರಡು ಕವಲಾಗಿ, ಬೆನ್ನಿನ ಈಜುರೆಕ್ಕೆಯ ಮುಂದಿನ ಕಡ್ಡಿಗಳು ಉದ್ದಕ್ಕೆ ಎದ್ದು ನಿಂತಿದ್ದರೆ ಕಕಟುವಾಯ್ಡಿಸ್. ಬಾಲ ಈಟಿಯ ಮೊನೆಯಂತಿದ್ದರೆ ಅಗಾಸಿಜಿ. ದುಂಡು ಬಾಲ, ಎತ್ತರದ ಬೆನ್ನುರೆಕ್ಕೆ, ನೀಲಿ ಹಳದಿ ಮೈಯಾದರೆ ಬೊರೆಲ್ಲಿ. ತೊಡಕಿರುವುದು ಹೆಣ್ಣಿನಲ್ಲಿ. ಮೊಟ್ಟೆ ಕಾಯಲು ನಿಂತಾಗ ಹೆಚ್ಚಿನ ಜಾತಿಗಳ ಹೆಣ್ಣುಗಳು ಹಳದಿಗೆ ತಿರುಗುತ್ತವೆ, ಮೈಮೇಲೆ ಕಪ್ಪು ಗುರುತು ಮೂಡುತ್ತದೆ. ಪಕ್ಕೆಯ ಪಟ್ಟೆ ಬಾಲದವರೆಗೂ ಓಡುತ್ತದೋ, ಕುಗ್ಗಿ ಒಂದೇ ಮಚ್ಚೆಯಾಗುತ್ತದೋ, ಬಾಲದ ಬುಡದ ಚುಕ್ಕೆ ಪಟ್ಟೆಗೆ ಅಂಟಿದೆಯೋ ಬೇರೆಯಾಗಿದೆಯೋ ಎಂದು ನೋಡಬೇಕು. ತೆಂಗಿನ ಚಿಪ್ಪಿನ ಬಾಯಲ್ಲಿ ನಿಂತು ತನಗಿಂತ ದೊಡ್ಡ ಗಂಡನ್ನೇ ಅಟ್ಟುವ ಆ ಪುಟ್ಟ ಹೆಣ್ಣನ್ನು ಎಷ್ಟು ನೋಡಿದರೂ ನನಗೆ ಸಾಕೆನಿಸಿಲ್ಲ.

ನೀರಿನ ವಿಷಯದಲ್ಲಿ ಕೊಡಗು ಅದೃಷ್ಟವಂತ ನಾಡು. ಕೊಡವರ ಕಕ್ಕಡ ತಿಂಗಳ ಮಳೆಯ ನೀರು ಹಿಡಿದು ಬಾವಿ ನೀರಿಗೆ ಬೆರೆಸಿದರೆ ಈ ಮೀನುಗಳು ಬಯಸುವ ಮೆದು ನೀರು ಸಿದ್ಧ. ಆದರೆ ಚಳಿ ಆಗದು. ರಾಮ್‌ಗೆ 27 ಡಿಗ್ರಿಯಾದರೂ ಬೇಕು. ಇಲ್ಲಿ ಹೀಟರ್ ಹಾಕಿದರೂ ಕರೆಂಟಿನ ಭರವಸೆಯಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಹಲವು ಊರುಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಹಾಗಾಗಿ ಮಡಿಕೇರಿಯವರು ಕೇಳಿದರೆ ನಾನು ಹೇಳುವುದು ಬೊರೆಲ್ಲಿಯನ್ನೇ. ಪರಾಗ್ವೆ ನದಿಯ ಕಡೆಯ ಮೀನು ಅದು, 20 ಡಿಗ್ರಿಯನ್ನೂ ತಡೆಯುತ್ತದೆ. ಬಿಸಿಗೆ ಇನ್ನೊಂದು ಕೆಲಸವೂ ಇದೆ: ಅಪಿಸ್ಟೊಗ್ರಾಮದ ಹಲವು ಜಾತಿಗಳಲ್ಲಿ ನೀರು ಬೆಚ್ಚಗಿದ್ದಷ್ಟು ಗಂಡು ಮರಿ ಹೆಚ್ಚು, ತಂಪಾದಷ್ಟು ಹೆಣ್ಣು ಹೆಚ್ಚು. ಸಂಶೋಧಕ ಉವೆ ರೋಮರ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು.

ಈಗ ಮೀನು ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ. ‘ಟ್ರಿಪಲ್ ರೆಡ್’, ‘ಎಲೆಕ್ಟ್ರಿಕ್ ಬ್ಲೂ’ ಎಂದು ಬಣ್ಣದ ಹೆಸರಿರುತ್ತದೆ. ನದಿಯ ಹೆಸರು ಎಲ್ಲೂ ಇರುವುದಿಲ್ಲ. ಇದು ನನಗೆ ನಷ್ಟವೆಂದೇ ತೋರುತ್ತದೆ. ಗಂಡಿನ ಬಣ್ಣಕ್ಕಾಗಿ ಸಾಕಿದವರು ಹೆಣ್ಣನ್ನು ನೋಡುವುದೇ ಇಲ್ಲ. ಹತ್ತಿರದ ಜಾತಿಗಳು ಬೆರೆತರೆ ಮುಂದೆ ಯಾರಿಂದಲೂ ಬಿಡಿಸಲಾಗದು. ಒಂಟಿ ಹೆಣ್ಣನ್ನು ಬೇರೆ ಅಂಗಡಿಯಿಂದ ತಂದು ಜೋಡಿ ಮಾಡಬಾರದು. ಒಂದೇ ಮೂಲದ ಮರಿಗಳನ್ನು ಗುಂಪಾಗಿ ತಂದು, ಅವೇ ಜೋಡಿಯಾಗಲು ಬಿಡಬೇಕು.

ಯಾರೂ ನೋಡದೆ ಉಳಿಯುವ ಇದೇ ಗತಿ ನಮ್ಮದೇ ಸಿಕ್ಲಿಡ್‌ಗೂ. ಭಾರತದ ಮೂರು ಮೂಲ ಸಿಕ್ಲಿಡ್‌ಗಳಲ್ಲಿ ಎಟ್ರೊಪ್ಲಸ್ ಕೆನರೆನ್ಸಿಸ್ ಒಂದು. 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟ, ನೇತ್ರಾವತಿ ಸೀಮೆಯ ಮೀನು. ನೇತ್ರಾವತಿಯನ್ನು ಸೇರುವ ಕುಮಾರಧಾರೆ ಇಳಿಯುವುದು ನಮ್ಮ ಪುಷ್ಪಗಿರಿ ಸಾಲಿನಿಂದ. ಅಮೆಜಾನಿನ ಮೀನು ಬಲ್ಲ ಇಲ್ಲಿನ ಹುಡುಗರಲ್ಲಿ ಇದನ್ನು ಕಂಡವರು ಕಡಿಮೆ. ಅವರೆಲ್ಲ ಕಂಡಿರುವುದು ಜಿಲೇಬಿ ಮೀನನ್ನು. 1952ರಲ್ಲಿ ಆಫ್ರಿಕಾ ಮೂಲದ ಆ ಸಿಕ್ಲಿಡ್ ಸಾಕಣೆಗೆಂದು ಭಾರತಕ್ಕೆ ಬಂತು. ಈಗ ಕೆರೆಗಳಲ್ಲೂ ಕಾವೇರಿಯಲ್ಲೂ ಬೇರೂರಿದೆ.

ಅದಕ್ಕೇ ಮರಿ ಕೊಡುವಾಗ ಚೀಲದ ಮೇಲೆ ಜಾತಿ, ತಾಯಿ ತಂದೆಯ ಮೂಲ ಬರೆದು ಕೊಡುತ್ತೇನೆ. ಸಾಕಲಾಗದಿದ್ದರೆ ತೋಡಿಗೆ ಬಿಡಬೇಡಿ, ನನಗೇ ತಂದುಕೊಡಿ ಎಂದೂ ಹೇಳುತ್ತೇನೆ.