ಭುಜೋಡಿಯ ಮಗ್ಗದಿಂದ ಕಮತಗಿಯ ಮಗ್ಗಕ್ಕೆ

ಗುಜರಾತಿನ ಭುಜ್ ಪಟ್ಟಣದಿಂದ ಎಂಟು ಕಿಲೋಮೀಟರ್ ಆಚೆಗೆ ಭುಜೋಡಿ. ವಣಕರ್ ಸಮುದಾಯದ ನೇಕಾರರ ಊರು. ಬೆಳಗ್ಗೆ ನಾನು ತಲುಪುವ ಹೊತ್ತಿಗೆ ಮಗ್ಗಗಳ ಸದ್ದು ಬೀದಿಗೆ ಕೇಳುತ್ತಿತ್ತು. ಒಂದು ಮನೆಯಲ್ಲಿ ಎಳೆಯ ನೇಕಾರನೊಬ್ಬ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಹಾಸಿನ ಕಪ್ಪು ಎಳೆಗಳನ್ನು ಬೆರಳಿನಲ್ಲೇ ಎಣಿಸಿ ಎತ್ತುತ್ತಾನೆ, ಅಡಿಯಲ್ಲಿ ಬಿಳಿ ನೂಲು ತೂರಿಸುತ್ತಾನೆ, ಹಲಗೆ ಬಡಿಯುತ್ತಾನೆ. ನೋಡನೋಡುತ್ತಿದ್ದಂತೆ ಶಾಲಿನ ಅಂಚಿನಲ್ಲಿ ಪುಟ್ಟ ತ್ರಿಕೋನವೊಂದು ಮೂಡಿತು.

ಇಂಥ ಕೈಗಳಿಗೆ ಕಸುಬು ಹೇಳಿಕೊಡಬೇಕಾಗಿಲ್ಲ. ಆದರೆ ಬಹಳ ಕಾಲ ವಿನ್ಯಾಸ ನಗರದಿಂದ ಬರುತ್ತಿತ್ತು, ಕುಶಲಕರ್ಮಿಗೆ ಸಿಗುತ್ತಿದ್ದದ್ದು ಕೂಲಿ ಮಾತ್ರ. ಇದನ್ನು ಬದಲಿಸಲು ಅಮೆರಿಕದ ಜವಳಿ ವಿದ್ವಾಂಸೆ ಜೂಡಿ ಫ್ರೇಟರ್ 2005ರಲ್ಲಿ ಕಛ್‌ನಲ್ಲಿ ಕಲಾ ರಕ್ಷಾ ವಿದ್ಯಾಲಯ ಆರಂಭಿಸಿದರು. 2014ರಲ್ಲಿ ಅವರ ಮುಂದಾಳತ್ವದಲ್ಲೇ ಆದಿಪುರದಲ್ಲಿ ಸೋಮಯ್ಯ ಕಲಾ ವಿದ್ಯಾ ಶುರುವಾಯಿತು.

ಇಲ್ಲಿನ ಪಾಠದ ಏರ್ಪಾಡು ಕಸುಬಿನವರ ಬದುಕಿಗೆ ಒಪ್ಪುವಂಥದ್ದು. ವರ್ಷದಲ್ಲಿ ಆರು ತರಗತಿ, ಒಂದೊಂದೂ ಎರಡು ವಾರ. ನಡುವಿನ ತಿಂಗಳುಗಳಲ್ಲಿ ವಿದ್ಯಾರ್ಥಿ ಮನೆಗೆ ಮರಳಿ ತನ್ನ ಮಗ್ಗದಲ್ಲೇ ಅಭ್ಯಾಸ ಮಾಡುತ್ತಾನೆ, ಹಾಗಾಗಿ ದುಡಿಮೆ ನಿಲ್ಲುವುದಿಲ್ಲ. ಬಣ್ಣ, ವಿನ್ಯಾಸದ ಮೂಲಪಾಠ, ಮಾರುಕಟ್ಟೆ, ಹೊಸ ಕಲ್ಪನೆ, ಕೊನೆಯ ಒಪ್ಪ ಎಲ್ಲವೂ ಅದರಲ್ಲಿವೆ. ಕಡೆಗೆ ಪ್ರತಿಯೊಬ್ಬರೂ ಸ್ವಂತ ಸಂಗ್ರಹವನ್ನು ತೀರ್ಪುಗಾರರ ಮುಂದಿಡಬೇಕು.

ಭುಜೋಡಿಗೆ ಹತ್ತಿರದಲ್ಲೇ, ಬಟ್ಟೆಗೆ ಅಚ್ಚೊತ್ತುವ ಕಸುಬಿನವರ ಊರು ಅಜ್ರಖ್‌ಪುರ. 2001ರ ಭೂಕಂಪದ ನಂತರ ಅವರ ಹಳೆಯ ಊರು ಧಮಡ್ಕಾದ ಅಂತರ್ಜಲ ಕುಸಿದು ನೀರಿನಲ್ಲಿ ಕಬ್ಬಿಣದಂಶ ಹೆಚ್ಚಿತು, ಬಣ್ಣ ಕೆಡತೊಡಗಿತು. ಅಲ್ಲಿನ ಖತ್ರಿ ಮನೆತನಗಳು ಹೊಸ ನೆಲ ಹುಡುಕಿ ಇಲ್ಲಿ ಊರು ಕಟ್ಟಿದವು. ಅಂಗಳದ ಪೀಪಾಯಿಯಲ್ಲಿ ತುಕ್ಕು ಹಿಡಿದ ಕಬ್ಬಿಣ, ಬೆಲ್ಲ, ನೀರು ಹುಳಿಯುತ್ತಿರುತ್ತವೆ. ಅಳಲೆಕಾಯಿ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಈ ದ್ರಾವಣವನ್ನು ಅಚ್ಚೊತ್ತಿದರೆ ಕಪ್ಪು ಕಚ್ಚುತ್ತದೆ. ಹಿರಿಯರಿಂದ ಬಂದ ಈ ಅರಿವಿಗೆ ಶಾಲೆ ಕೈಹಾಕುವುದಿಲ್ಲ. ಬಟ್ಟೆಯ ಮೇಲೆ ಅಚ್ಚು ಎಲ್ಲಿ ಬೀಳಬೇಕು, ಎಲ್ಲಿ ಜಾಗ ಖಾಲಿ ಉಳಿಯಬೇಕು ಎಂದು ತಾನೇ ತೀರ್ಮಾನಿಸುವ ಧೈರ್ಯವನ್ನು ಅದು ಕಿರಿಯರಲ್ಲಿ ತುಂಬುತ್ತದೆ.

ಕನ್ನಡಿಗರಿಗೆ ಈ ಪಯಣದಲ್ಲಿ ನೇರ ನಂಟೊಂದಿದೆ. ಸೋಮಯ್ಯ ಕಲಾ ವಿದ್ಯಾದಲ್ಲಿ ಕಲಿತ ಭುಜೋಡಿಯ ನೇಕಾರರು ಬಾಗಲಕೋಟೆ ಜಿಲ್ಲೆಯ ಕಮತಗಿಗೆ ಬಂದು, ಇಳಕಲ್ ಸೀರೆ ನೇಯುವವರಿಗೆ ಮಾರ್ಗದರ್ಶಕರಾದರು. ಭುಜೋಡಿಯವರಿಗೆ ಕನ್ನಡ ಬಾರದು, ಕಮತಗಿಯವರಿಗೆ ಕಛ್ಛಿ ತಿಳಿಯದು. ಆದರೂ ಮಗ್ಗದ ಮುಂದೆ ಕೂತರೆ ಹಾಸು, ಹೊಕ್ಕು, ಲಾಳಿ ಇಬ್ಬರಿಗೂ ಗೊತ್ತು. ನೇಕಾರನಿಗೆ ನೇಕಾರನೇ ಗುರುವಾದಾಗ ಮೇಲು-ಕೀಳಿನ ಅಳುಕು ಇರುವುದಿಲ್ಲ.

ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ಜಾಣ್ಮೆ, ಗುಳೇದಗುಡ್ಡದ ಖಣದ ಸೊಬಗು ಕಿರಿಯರ ಕೈಯಲ್ಲಿ ಉಳಿಯಬೇಕಾದರೆ ಇಂಥ ಶಾಲೆ ಆ ಊರುಗಳಲ್ಲೇ ನೆಲೆಯಾಗಿ ತೆರೆಯಬೇಕು. ಪಾಠ ಕನ್ನಡದಲ್ಲೇ ನಡೆಯಲಿ, ಕಲಿಸುವವರು ಅಲ್ಲಿನ ನೇಕಾರರೇ ಆಗಿರಲಿ.