ನೆರಳಿಗೂ ದೊಡ್ಡ ಪರದೆ ಬೇಕು

ನ್ವಾರ್ ಚಿತ್ರಗಳಲ್ಲಿ ಅರ್ಧ ಕಥೆಯನ್ನು ನೆರಳೇ ಹೇಳುತ್ತದೆ. 1940 ಮತ್ತು 50ರ ದಶಕಗಳಲ್ಲಿ ಹಾಲಿವುಡ್ ತಯಾರಿಸಿದ ಈ ಅಪರಾಧ ಚಿತ್ರಗಳಿಗೆ ಬೆಳಕು ಹೊಂದಿಸಿದವರ ಮನಸ್ಸಿನಲ್ಲಿದ್ದದ್ದು ಚಿತ್ರಮಂದಿರ. ಅಲ್ಲಿ ದೀಪಗಳು ಆರಿದ ಮೇಲೆ ಪರದೆಯ ಕಪ್ಪು ಎಲ್ಲಿ ಮುಗಿಯಿತು, ಸಭಾಂಗಣದ ಕತ್ತಲೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಮೂಲೆಯಲ್ಲಿ ಯಾರೋ ನಿಂತಿದ್ದಾರೆಯೇ ಎಂದು ಪ್ರೇಕ್ಷಕ ಕಣ್ಣು ಕಿರಿದುಮಾಡಿ ಹುಡುಕುತ್ತಾನೆ. ಮನೆಯ ಟಿವಿಯಲ್ಲಿ ನೋಡುವಾಗ ಕೋಣೆಯ ದೀಪವೊಂದೇ ಸಾಕು, ಆ ಕಪ್ಪೆಲ್ಲ ಬೂದುಬಣ್ಣಕ್ಕೆ ಇಳಿಯುತ್ತದೆ.

ಬಿಲ್ಲಿ ವೈಲ್ಡರ್ ಅವರ ‘ಡಬಲ್ ಇಂಡೆಮ್ನಿಟಿ’ (1944) ನೋಡಬೇಕು. ವಿಮಾ ಏಜೆಂಟ್ ವಾಲ್ಟರ್ ನೆಫ್ ಲಾಸ್ ಏಂಜಲೀಸ್‌ನ ಒಂದು ಮನೆಗೆ ಬರುತ್ತಾನೆ. ಕಿಟಕಿಯ ಬ್ಲೈಂಡ್ಸ್ ಸಂದಿಯಿಂದ ತೂರಿದ ಬಿಸಿಲು ನಡುಮನೆಯಲ್ಲಿ ಪಟ್ಟೆಪಟ್ಟೆಯಾಗಿ ಬಿದ್ದಿದೆ. ಆ ಬಿಸಿಲಿನಲ್ಲಿ ಧೂಳು ತೇಲುವುದು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಜ್ ಗಾಳಿಗೆ ಅಲ್ಯೂಮಿನಿಯಂ ಪುಡಿ ಹಾರಿಸಿದ್ದರು. ಚಿಕ್ಕ ಪರದೆಯಲ್ಲಿ ಅದು ಬರೀ ಮಸುಕು. ದೊಡ್ಡ ಪರದೆಯಲ್ಲಾದರೆ ಕಣಗಳು ಮಿನುಗುತ್ತ ತೇಲುತ್ತವೆ. ಈ ಮನೆಯಲ್ಲಿ ಯಾರಿಗೂ ಯಾರ ಮೇಲೂ ಅಕ್ಕರೆಯಿಲ್ಲ ಎಂಬುದು ನಾಯಕಿ ಬಾರ್ಬರಾ ಸ್ಟಾನ್‌ವಿಕ್ ಮೆಟ್ಟಿಲಿಳಿದು ಬರುವ ಮೊದಲೇ ಮನಸ್ಸಿಗೆ ಹೊಳೆಯುತ್ತದೆ. ಚಿತ್ರದ ಸಂಭಾಷಣೆಯನ್ನು ಎಲ್ಲರೂ ಹೊಗಳುತ್ತಾರೆ. ಈ ಧೂಳಿಗೂ ಅಷ್ಟೇ ಹೊಗಳಿಕೆ ಸಲ್ಲಬೇಕು.

ಕೊಲೆಗೆ ಕತ್ತಲೆಯೇ ಬೇಕೆಂದೇನೂ ಇಲ್ಲ. ಜಾನ್ ಸ್ಟಾಲ್ ಅವರ ‘ಲೀವ್ ಹರ್ ಟು ಹೆವನ್’ (1945) ಟೆಕ್ನಿಕಲರ್ ಚಿತ್ರ, ನ್ವಾರ್ ಮತ್ತು ಮೆಲೋಡ್ರಾಮಾ ಎರಡೂ ಕೂಡಿದ್ದು. ಹಾಡುಹಗಲಲ್ಲಿ, ದೋಣಿಯಲ್ಲಿ ಕಪ್ಪು ಕನ್ನಡಕ ಹಾಕಿ ಕುಳಿತ ನಾಯಕಿ ಜೀನ್ ಟಿಯರ್ನಿ, ಗಂಡನ ತಮ್ಮ ಮುಳುಗುವುದನ್ನು ಅಲುಗದೆ ನೋಡುತ್ತಾಳೆ. ಈ ಚಿತ್ರದ ಛಾಯಾಗ್ರಹಣಕ್ಕೆ ಲಿಯಾನ್ ಶಾಮ್ರಾಯ್ ಆಸ್ಕರ್ ಪಡೆದರು.

ಮೆಲೋಡ್ರಾಮಾ ಎಂದರೆ ಬರೀ ಅಳು ಎಂದು ಮೂಗು ಮುರಿಯುವುದು ಅನ್ಯಾಯ. ಡಗ್ಲಾಸ್ ಸರ್ಕ್ ಅವರ ‘ಆಲ್ ದಟ್ ಹೆವನ್ ಅಲೌಸ್’ (1955) ಚಿತ್ರದಲ್ಲಿ ವಿಧವೆ ಕ್ಯಾರಿ ತೋಟಗಾರನೊಬ್ಬನನ್ನು ಮೆಚ್ಚುತ್ತಾಳೆ. ಮಕ್ಕಳ ವಿರೋಧಕ್ಕೆ ಮಣಿದು ಅವನನ್ನು ಬಿಟ್ಟುಬಿಡುತ್ತಾಳೆ. ಕ್ರಿಸ್‌ಮಸ್‌ಗೆ ಮಕ್ಕಳ ಉಡುಗೊರೆ ಒಂದು ಟಿವಿ. ಅದರ ಗಾಜಿನಲ್ಲಿ ಕಾಣುವುದು ಅವಳದೇ ಒಂಟಿ ಮುಖ. ಅಷ್ಟಗಲದ ಪರದೆಯ ನಡುವೆ, ಆ ಪುಟ್ಟ ಪೆಟ್ಟಿಗೆಯೊಳಗೆ ಅವಳು ಸೆರೆಯಾದದ್ದನ್ನು ಕಂಡಾಗ ಸರ್ಕ್ ಎಂಥ ನಿರ್ದೇಶಕ ಎಂಬುದು ಗೊತ್ತಾಗುತ್ತದೆ.

ಇಂಥ ಹಳೆಯ ಚಿತ್ರಗಳನ್ನು ಆ ಕಾಲದ ಪ್ರಿಂಟಿನಲ್ಲೇ ದೊಡ್ಡ ಪರದೆಯ ಮೇಲೆ ನೋಡುವುದು ಸುಲಭವಲ್ಲ. 1950ರ ದಶಕದ ಆರಂಭದವರೆಗೆ ಪ್ರಿಂಟುಗಳು ನೈಟ್ರೇಟ್ ಫಿಲ್ಮಿನವು. ಅದಕ್ಕೆ ಹತ್ತಿದ ಬೆಂಕಿ ನೀರಿಗೂ ಆರದು. ಹಾಗಾಗಿ ಅಂಥ ಪ್ರಿಂಟನ್ನು ಓಡಿಸಲು ಅನುಮತಿಯಿರುವ ಚಿತ್ರಮಂದಿರಗಳು ಬಹಳ ವಿರಳ. ಅಮೆರಿಕದ ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂನ ಡ್ರೈಡನ್ ಥಿಯೇಟರ್ ಅವುಗಳಲ್ಲೊಂದು. 2015ರಲ್ಲಿ ಅಲ್ಲಿ ನೈಟ್ರೇಟ್ ಪ್ರಿಂಟುಗಳದೇ ಉತ್ಸವ ಆರಂಭವಾಯಿತು. ನ್ವಾರ್ ಚಿತ್ರಗಳಿಗೆಂದೇ ಎಡ್ಡಿ ಮುಲ್ಲರ್ 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ನ್ವಾರ್ ಸಿಟಿ’ ಉತ್ಸವ ಶುರುಮಾಡಿದರು. ಅವರ ಫಿಲ್ಮ್ ನ್ವಾರ್ ಫೌಂಡೇಶನ್, ಯುಸಿಎಲ್‌ಎ ಚಿತ್ರಸಂಗ್ರಹಾಲಯದ ಜೊತೆಗೂಡಿ ‘ವುಮನ್ ಆನ್ ದ ರನ್’ (1950) ಥರದ ಚಿತ್ರಗಳನ್ನು ಉಳಿಸಿ ಮತ್ತೆ ಪರದೆಗೆ ತಂದಿದೆ.